ಗುಲಾಬಿ ಲಾಂಛನದವರ ಪಾಲುಪಟ್ಟಿ

"1592ರಲ್ಲಿ ಅಣ್ಣ ವಿಲೆಮ್ ಮಕ್ಕಳಿಲ್ಲದೆ ತೀರಿಕೊಂಡ. ಇಂದಿನ ಚೆಕ್ ದೇಶದ ದಕ್ಷಿಣ ಬೊಹೀಮಿಯಾದ ತುಂಬ ಹರಡಿದ್ದ ರೋಜ್ಮ್‌ಬೆರ್ಕ್ ಮನೆತನದ ಆಸ್ತಿ 52 ವರ್ಷದ ತಮ್ಮ ಪೇತ್ರ್ ವೋಕನ ಕೈಗೆ ಬಂದಿತು" ಎಂದರು ಮೇಷ್ಟರು.

"ಪುಣ್ಯವಂತ!" ಎಂದರು ರಾಯರು.

"ಆತುರಪಡಬೇಡಿ. ಅಣ್ಣನ ಸಾಲವೂ ಬಂದಿತು. ತಮ್ಮನ ಸ್ವಂತ ಸಾಲ ಅದಾಗಲೇ ಮನೆಯಲ್ಲಿತ್ತು."

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಸಾಲ ಎಂದರೆ ಸಾಕು, ಒರಗಿದ್ದ ಬೆನ್ನು ನೆಟ್ಟಗಾಗುತ್ತದೆ. "ಅಣ್ಣನಿಗೇಕೆ ಸಾಲ ಬೇಕಾಗಿತ್ತು?"

"ನಾಲ್ಕು ಮದುವೆ."

"ಕಾರಣ ಸಾಕು, ಮುಂದೆ ಹೇಳಿ" ಎಂದರು ಪದ್ಮಕ್ಕ.

"ಮೇಲೆ ರಸವಿದ್ಯೆಯ ಹುಚ್ಚು. ಕೀಳು ಲೋಹವನ್ನು ಚಿನ್ನ ಮಾಡುವೆನೆಂದು ಇಂಗ್ಲೆಂಡಿನಿಂದ ಬಂದ ಎಡ್ವರ್ಡ್ ಕೆಲ್ಲಿಗೂ ಅವನ ಜೊತೆಗಾರ ಜಾನ್ ಡೀಗೂ ತ್ರೆಬೋನ್ ಊರಿನಲ್ಲಿ ವಸತಿ, ಊಟ, ಒಲೆ, ಇದ್ದಿಲು ಎಲ್ಲವನ್ನೂ ಒದಗಿಸಿದ್ದ."

"ಚಿನ್ನವಾಯಿತೇ?"

"ಆಗಿದ್ದರೆ ತಮ್ಮನ ಪಾಲಿಗೆ ಸಾಲ ಬರುತ್ತಿತ್ತೇ ರಾಯರೇ?"

ವಕೀಲರಿಗೆ ಮೂಲಪತ್ರ ಕಾಣದೆ ಸಮಾಧಾನವಿಲ್ಲ. ಮನೆತನದ ಆಸ್ತಿ ಮೊದಲು ಪಾಲಾದದ್ದು ಹೇಗೆ ಎಂದು ಕೇಳಿದರು. ಮೇಷ್ಟರು ಐತಿಹ್ಯವನ್ನು ತೆಗೆದರು. ಮೂಲಪುರುಷ ವೀತೆಕ್ ಐವರು ಮಕ್ಕಳಿಗೆ ಭೂಮಿ ಹಂಚುವಾಗ ಲಾಂಛನದ ಐದೆಸಳಿನ ಗುಲಾಬಿಯನ್ನೂ ಹಂಚಿದನಂತೆ: ಕೆಂಪು, ಬಂಗಾರ, ಬಿಳಿ, ನೀಲಿ ಹೀಗೆ. ವಿವಾಹದಾಚೆಯ ಮಗನಿಗೆ ಕಪ್ಪು. ಕೆಂಪು ಗುಲಾಬಿಯವರೇ ಈ ರೋಜ್ಮ್‌ಬೆರ್ಕರು.

"ಸರ್ವೆ ನಂಬರಿಲ್ಲ, ಚೆಕ್ಕುಬಂದಿಯಿಲ್ಲ, ಬರೀ ಬಣ್ಣ!" ಎಂದು ವಕೀಲರು ಹಣೆ ಚಚ್ಚಿಕೊಂಡರು. "ನಮ್ಮ ಕಡೆ ಹೀಗಾಗಿದ್ದರೆ ಮೂರು ತಲೆಮಾರಿನ ವಕೀಲರು ಬದುಕಿಕೊಳ್ಳುತ್ತಿದ್ದರು."

ಅಷ್ಟಕ್ಕೇ ತೃಪ್ತಿಯಿಲ್ಲದ ಮನೆತನ ತಾನು ರೋಮಿನ ಶ್ರೀಮಂತ ಮನೆತನವಾದ ಓರ್ಸಿನಿಗಳ ರಕ್ತಸಂಬಂಧಿ ಎಂದೂ ಹೇಳಿಕೊಂಡಿತು. ಓರ್ಸಿನಿಗಳ ಹೆಸರಿನಲ್ಲೇ ಕರಡಿ ಇರುವುದರಿಂದ, ಚೆಸ್ಕಿ ಕ್ರುಮ್ಲೋವ್ ಕೋಟೆಯ ಕಂದಕದಲ್ಲಿ ಕರಡಿ ಸಾಕುವ ಪದ್ಧತಿಯನ್ನು ಈ ನಂಟಿಗೇ ಜೋಡಿಸುತ್ತಾರೆ. ನಂಟು ಕಟ್ಟುಕಥೆ, ಕರಡಿಗಳು ಮಾತ್ರ ನಿಜ.

"ಕರಡಿಗೂ ಮೇವು ಸಾಲದಲ್ಲೇ?" ಎಂದು ರಾಯರು ಗೊಣಗಿದರು. "ಏನಾದರೂ ಮಾರಬಹುದಿತ್ತಲ್ಲ?"

"ಮಾರಿದನಲ್ಲ! 1302ರಿಂದ ಮನೆತನದ ಗದ್ದುಗೆಯಾಗಿದ್ದ ಕ್ರುಮ್ಲೋವನ್ನೇ ಚಕ್ರವರ್ತಿ ಎರಡನೆಯ ರುಡಾಲ್ಫನಿಗೆ ಮಾರಿ, 1602ರಲ್ಲಿ ಗಂಟುಮೂಟೆ ಕಟ್ಟಿಕೊಂಡು ತ್ರೆಬೋನ್ ಸೇರಿದ."

ರುಡಾಲ್ಫ್ ಅಲ್ಲಿ ತನ್ನ ವಿವಾಹೇತರ ಮಗ ಡಾನ್ ಜೂಲಿಯಸನನ್ನು ಇರಿಸಿದ. 1608ರಲ್ಲಿ ಅವನು ಊರಿನ ಕ್ಷೌರಿಕನ ಮಗಳನ್ನು ಕೊಂದ. ಇದನ್ನು ಕೇಳಿ ಯಾರೂ ನಗಲಿಲ್ಲ. ಪದ್ಮಕ್ಕ ಕಾಫಿ ಬಗ್ಗಿಸಿದರು.

ಅಣ್ಣ ಬಿಟ್ಟದ್ದೆಲ್ಲ ಹೊರೆಯೇ ಎನ್ನುವಂತಿಲ್ಲ. ಅವನ ಕಾಲದಲ್ಲಿ ಆಸ್ತಿಯ ಆಡಳಿತ ನೋಡಿದ ಯಾಕುಬ್ ಕ್ರ್ಚಿನ್ 1584ರಿಂದ 1590ರವರೆಗೆ ಕಟ್ಟಿಸಿದ ರೋಜ್ಮ್‌ಬೆರ್ಕ್ ಕೆರೆ ಇಂದಿಗೂ ಚೆಕ್ ದೇಶದ ಅತಿ ದೊಡ್ಡ ಮೀನುಕೆರೆ. ಕ್ರಿಸ್ಮಸ್ ಹಿಂದಿನ ರಾತ್ರಿ ಕಾರ್ಪ್ ಮೀನಿಲ್ಲದಿದ್ದರೆ ಚೆಕ್ಕರಿಗೆ ಹಬ್ಬವೇ ಅಲ್ಲ. ಒಲೆಯಲ್ಲಿ ಹುಟ್ಟದ ಚಿನ್ನ ಕೆರೆಯಲ್ಲಿ ಈಜಾಡುತ್ತಿತ್ತು. ನನ್ನ ಮಟ್ಟಿಗೆ ಆ ಮನೆತನದ ನಿಜವಾದ ರಸವಾದಿ ಕ್ರ್ಚಿನನೇ.

"ಹಾಗಾದರೆ ಪೇತ್ರ್ ವೋಕ್ ಹಿಡಿತದ ಮನುಷ್ಯನೇ ಆಗಿರಬೇಕು" ಎಂದರು ರಾಯರು, ಆಸೆಯಿಂದ.

"ಪುಸ್ತಕ ಕೊಳ್ಳುತ್ತಿದ್ದ."

"ಎಷ್ಟು?"

"ಸುಮಾರು ಹತ್ತು ಸಾವಿರ. ಪಟ್ಟಿ ಮಾಡುವುದಕ್ಕೆ ವಾತ್ಸ್ಲಾವ್ ಬ್ರೆಜಾನ್ ಎಂಬ ಪಂಡಿತನನ್ನೇ ನೇಮಿಸಿದ್ದ. 1648ರಲ್ಲಿ ಸ್ವೀಡನ್ನಿನ ಸೈನಿಕರು ಅವನ್ನು ಪ್ರಾಗ್‌ನಿಂದ ಹೊತ್ತುಕೊಂಡು ಹೋದರು."

ರಾಯರು ಕಣ್ಣು ಮುಚ್ಚಿಕೊಂಡರು. ಅವರ ಲೆಕ್ಕದಲ್ಲಿ ಇದು ವಸೂಲಾಗದ ಬಾಕಿ. 1611ರ ಕಥೆ ಕೇಳಿದಾಗಂತೂ ಎದ್ದೇ ನಿಂತರು. ರುಡಾಲ್ಫ್ ಪರವಾಗಿ ಪಾಸಾವಿನಿಂದ ಬಂದ ಕೂಲಿ ಸೈನಿಕರು ಸಂಬಳ ಸಿಗದೆ ನಾಡನ್ನು ದೋಚುತ್ತಿದ್ದರು. ಅವರನ್ನು ಹೊರಡಿಸುವುದಕ್ಕೆ ಮುದುಕ ಪೇತ್ರ್ ವೋಕ್ ತನ್ನ ಬೆಳ್ಳಿಯನ್ನು ಕೊಟ್ಟು ಬಾಕಿ ಸಂಬಳ ತೀರಿಸಿದ.

"ಜಾಮೀನು? ಬಡ್ಡಿ? ಏನೂ ಇಲ್ಲವೇ?"

"ಕೇಳುವುದಕ್ಕೆ ಸಮಯವೆಲ್ಲಿತ್ತು? ಅದೇ ನವೆಂಬರಿನಲ್ಲಿ ತೀರಿಕೊಂಡ. ಅವನಿಗೂ ಮಕ್ಕಳಿಲ್ಲ. ಹಳೆಯ ಒಪ್ಪಂದದಂತೆ ತ್ರೆಬೋನ್ ಶ್ವಾಂಬೆರ್ಕ್ ಮನೆತನಕ್ಕೆ ಹೋಯಿತು. 1620ರ ಬಿಳಿಬೆಟ್ಟದ ಕಾಳಗದಲ್ಲಿ ಸೋತವರ ಪಕ್ಷದಲ್ಲಿದ್ದದ್ದರಿಂದ ಅವರಿಗೂ ದಕ್ಕಲಿಲ್ಲ."

ಪದ್ಮಕ್ಕನಿಗೆ ಇಷ್ಟು ಹೊತ್ತೂ ಒಂದೇ ಪ್ರಶ್ನೆ: "ಆ ನಾಲ್ಕನೆಯ ಹೆಂಡತಿಯ ಗತಿ ಏನಾಯಿತು?"

"ಪೊಲಿಕ್ಸೆನಾ? ವಿಲೆಮನ ರೌದ್ನಿತ್ಸೆ ಜಹಗೀರು ಆಕೆಯ ಪಾಲಿಗೆ ಬಂದಿತು. 1603ರಲ್ಲಿ ಲೋಬ್ಕೋವಿಟ್ಸ್ ಮನೆತನಕ್ಕೆ ಮದುವೆಯಾಗಿ ಹೋದಳು. ಸ್ಪೇನಿನವಳಾದ ತಾಯಿಯಿಂದ ಬಂದ ಬಾಲಯೇಸುವಿನ ಮೂರ್ತಿಯನ್ನು 1628ರಲ್ಲಿ ಪ್ರಾಗ್‌ನ ಕಾರ್ಮೆಲ್ ಸಂನ್ಯಾಸಿಗಳಿಗೆ ಕೊಟ್ಟಳು. ನಮ್ಮ ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರ ಜನ ಸಾಲುಗಟ್ಟುವುದು ಆ ಬಾಲಯೇಸುವಿನ ಹೆಸರಿಗೇ."

"ನೋಡಿದಿರಾ! ನಾಲ್ಕು ಮದುವೆಯಲ್ಲಿ ಒಂದಾದರೂ ಸಾರ್ಥಕವಾಯಿತು" ಎಂದರು ಪದ್ಮಕ್ಕ.

"ಆ ಮೂರ್ತಿಯನ್ನೂ ಅಣ್ಣನ ಸಾಲಕ್ಕೆ ಜಮೆ ಮಾಡಿಕೊಳ್ಳಬಹುದಿತ್ತು" ಎಂದರು ರಾಯರು.

ವಕೀಲರು ಕನ್ನಡಕ ಸರಿಮಾಡಿಕೊಂಡರು. "ಆಗುವುದಿಲ್ಲ. ತವರಿನಿಂದ ಬಂದದ್ದು ಸ್ತ್ರೀಧನ."