ತುವಾಲು ಸರ್ಕಾರದ ‘ಸಾಮರ್ಥ್ಯ’: ಬೇರೆ ಪದ ಇದೆಯೇ?

ಬಳಗದವರಿಗೆ ನಮಸ್ಕಾರ.

ಪೆಸಿಫಿಕ್ ಸಾಗರದ ತುವಾಲು ದೇಶ ತನ್ನ ಸರ್ಕಾರವನ್ನು ಹೇಗೆ ನಡೆಸಿಕೊಂಡು ಹೋಗುತ್ತದೆ ಎಂಬುದರ ಬಗ್ಗೆ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ವಿಷಯ ಕೈಯಲ್ಲಿದೆ, ಪದಗಳು ಕೈಕೊಡುತ್ತಿವೆ. ಸಾರ್ವಜನಿಕ ವಲಯ, ಸಾಮರ್ಥ್ಯ, ಆಡಳಿತ ಎಂಬ ಮೂರು ಪದಗಳಿಲ್ಲದೆ ಈ ಲೇಖನ ಒಂದು ಪುಟವೂ ಸಾಗದು. ಮೂರನ್ನೂ ದಿನಪತ್ರಿಕೆಯ ಓದುಗರೆಲ್ಲ ಬಲ್ಲರು. ಬಲ್ಲರು ಎಂಬುದೇ ತೊಂದರೆ: ತುವಾಲುವಿನ ಸಂಗತಿಗೆ ಇವನ್ನು ಹಚ್ಚಿದರೆ ಅವರು ಬೇರೇನನ್ನೋ ತಿಳಿದುಕೊಳ್ಳುತ್ತಾರೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ತಾಳ್ಮೆಯಿರಲಿ.

ಮೊದಲು ದೇಶದ ಅಳತೆ. ಒಂಬತ್ತು ದ್ವೀಪಗಳು, ಎಲ್ಲ ಸೇರಿ 26 ಚದರ ಕಿಲೋಮೀಟರ್ ನೆಲ, ಸುಮಾರು ಹನ್ನೊಂದು ಸಾವಿರ ಜನ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಐದರಿಂದ ಏಳು ಸಾವಿರ ಜನರಿಗೆ ಒಂದು ಗ್ರಾಮ ಪಂಚಾಯಿತಿ ಎನ್ನುತ್ತದೆ. ಆ ಲೆಕ್ಕಕ್ಕೆ ಎರಡು ಪಂಚಾಯಿತಿ. ಆದರೆ 1978ರ ಅಕ್ಟೋಬರ್ 1ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ಈ ದೇಶಕ್ಕೆ ಸಂಸತ್ತು ಬೇಕು, ವಿದೇಶಾಂಗ ಇಲಾಖೆ ಬೇಕು, ಸುಂಕದ ಕಚೇರಿ ಬೇಕು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರತಿನಿಧಿ ಬೇಕು, ಏಳು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ಕಡಲಿನ ಮೇಲೆ ಕಣ್ಣಿಡುವವರು ಬೇಕು. ಜನ ಕಡಿಮೆಯಿದ್ದಾರೆಂದು ಇಲಾಖೆಗಳ ಪಟ್ಟಿ ಮೊಟಕಾಗುವುದಿಲ್ಲ.

‘ಸಾರ್ವಜನಿಕ ವಲಯ’ದ ಗೊಂದಲ ಬೇಗ ಬಗೆಹರಿಯುವಂಥದು. ಕನ್ನಡದಲ್ಲಿ ಈ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಎಚ್‌ಎಎಲ್, ಬಿಇಎಂಎಲ್, ಬೀಗ ಬಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆ, ಹೆಚ್ಚೆಂದರೆ ಬ್ಯಾಂಕುಗಳು. ‘ಸಾರ್ವಜನಿಕ ವಲಯದ ಉದ್ದಿಮೆ’ ಎಂದು ದಶಕಗಳಿಂದ ಬರೆದೂ ಬರೆದೂ ವಲಯವೆಲ್ಲ ಉದ್ದಿಮೆಗೇ ಮೀಸಲಾಗಿಹೋಗಿದೆ. ತುವಾಲುವಿನಲ್ಲಿಯೂ ಅಂಥವು ಇಲ್ಲವೆಂದಲ್ಲ. ಅಲ್ಲಿಯ ನ್ಯಾಷನಲ್ ಬ್ಯಾಂಕ್ ಸರ್ಕಾರದ್ದೇ. ದೇಶದ ಮೊಟ್ಟಮೊದಲ ಎಟಿಎಂ ಅದು ತೆರೆದದ್ದು 2025ರ ಏಪ್ರಿಲ್‌ನಲ್ಲಿ, ಪ್ರಧಾನಿಯೇ ಬಂದು ಕೇಕ್ ಕತ್ತರಿಸಿದರು. ಆದರೆ ನಾನು ಹೇಳಬೇಕಾಗಿರುವುದು ರಾಜಧಾನಿ ಫುನಾಫುಟಿಯ ಆಸ್ಪತ್ರೆಯ ದಾದಿ, ವೈಟುಪು ದ್ವೀಪದ ಪ್ರೌಢಶಾಲೆಯ ಶಿಕ್ಷಕಿ, ದ್ವೀಪದಿಂದ ದ್ವೀಪಕ್ಕೆ ಅಕ್ಕಿ, ಸೀಮೆಎಣ್ಣೆ ಹೊತ್ತು ಹೋಗುವ ಸರ್ಕಾರಿ ಹಡಗಿನ ನಾವಿಕ, ಇವರೆಲ್ಲರನ್ನೂ ಒಳಗೊಂಡ ಮಾತು. ಸಂಬಳದ ಕೆಲಸವೆಂದರೆ ಬಹುಪಾಲು ಸರ್ಕಾರದ್ದೇ ಆಗಿರುವ ದೇಶ ಅದು. ‘ಸರ್ಕಾರಿ ವಲಯ’ ಎಂದು ಬರೆದುಬಿಡುತ್ತೇನೆ. ತಕರಾರಿದ್ದವರು ಹೇಳಿ, ಆದರೆ ಇದರ ಮೇಲೆ ಹೆಚ್ಚು ಹೊತ್ತು ಕಳೆಯುವುದು ಬೇಡ.

ನಿಜವಾದ ತೊಡಕು ‘ಸಾಮರ್ಥ್ಯ’ದ್ದು. ಸಣ್ಣ ದ್ವೀಪದೇಶಗಳ ಬಗ್ಗೆ ಅಭಿವೃದ್ಧಿ ಬ್ಯಾಂಕುಗಳು ಬರೆಯುವ ವರದಿಗಳಲ್ಲಿ ಪುಟಕ್ಕೊಮ್ಮೆ ಬರುವ ಮಾತನ್ನು ಕನ್ನಡಕ್ಕೆ ತಂದರೆ ‘ಸರ್ಕಾರಕ್ಕೆ ಸಾಮರ್ಥ್ಯದ ಕೊರತೆಯಿದೆ’ ಎಂದಾಗುತ್ತದೆ. ಓದಿದವರು ಏನೆಂದುಕೊಳ್ಳುತ್ತಾರೆ? ಅಲ್ಲಿಯ ಅಧಿಕಾರಿಗಳು ಕೈಲಾಗದವರು ಎಂದು. ‘ಅಸಮರ್ಥ’ ಎಂಬುದು ನಮ್ಮಲ್ಲಿ ವಿರೋಧ ಪಕ್ಷದವರ ಖಾಯಂ ಬೈಗುಳ. ಹಾಗೆಂದು ‘ಸಾಮರ್ಥ್ಯ’ಕ್ಕೆ ಬೇರೆ ಅರ್ಥವೇ ಇಲ್ಲವೆನ್ನಲಾಗದು. ಕೃಷ್ಣರಾಜಸಾಗರದ ಸಂಗ್ರಹ ಸಾಮರ್ಥ್ಯ 49 ಟಿಎಂಸಿ ಅಡಿ ಎಂದಾಗ ಯಾರೂ ಅಣೆಕಟ್ಟನ್ನು ಹೊಗಳುತ್ತಿಲ್ಲ, ತೆಗಳುತ್ತಿಲ್ಲ. ಎಷ್ಟು ಹಿಡಿಸುತ್ತದೆ ಎಂದಷ್ಟೇ ಹೇಳುತ್ತಿದ್ದಾರೆ. ಬಸ್ಸಿನ ಆಸನ ಸಾಮರ್ಥ್ಯವೂ ಹಾಗೆಯೇ. ಜಡವಸ್ತುವಿಗೆ ಹಚ್ಚಿದಾಗ ಬರೀ ಅಳತೆಯಾಗಿರುವ ಪದ ಮನುಷ್ಯರಿಗೆ, ಮನುಷ್ಯರು ಕೂತು ಕೆಲಸ ಮಾಡುವ ಕಚೇರಿಗೆ ಹಚ್ಚಿದೊಡನೆ ಯೋಗ್ಯತೆಯ ಮೇಲಿನ ತೀರ್ಪಾಗಿಬಿಡುತ್ತದೆ. ಈ ವಿಚಿತ್ರವನ್ನು ನಿಘಂಟುಗಳು ಗುರುತಿಸಿದ್ದನ್ನು ನಾನು ಕಂಡಿಲ್ಲ.

ತುವಾಲುವಿನಲ್ಲಿ ಆಗುವುದು ಹೀಗೆ. ಅನೇಕ ವಿಷಯಗಳಿಗೆ ಇರುವವರೇ ಒಬ್ಬಿಬ್ಬರು ತಿಳಿದವರು. ಹವಾಮಾನ ಮಾತುಕತೆಗೆ ಹೊರಟವರು ಮೊದಲು ಫಿಜಿಯ ಸುವಾಕ್ಕೆ ವಿಮಾನ ಹಿಡಿಯಬೇಕು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಮತ್ತೊಂದು. ಹೋಗಿ ಬರುವುದರಲ್ಲೇ ವಾರಗಳು ಉರುಳುತ್ತವೆ. ಅಷ್ಟು ದಿನವೂ ಮೇಜಿನ ಮೇಲಿನ ಕಡತ ಅಲುಗುವುದಿಲ್ಲ, ಮುಂದುವರಿಸಲು ಕೆಳಗೆ ಯಾರಾದರೂ ಇದ್ದರಲ್ಲವೆ? ಅವರು ಹಿಂತಿರುಗುವ ಹೊತ್ತಿಗೆ ನೆರವು ನೀಡುವ ಸಂಸ್ಥೆಯೊಂದರ ತಂಡ ಬಂದಿಳಿದಿರುತ್ತದೆ. ಅದನ್ನು ಕೂರಿಸಿಕೊಂಡು ಮಾತಾಡಬೇಕಾದವರೂ ಅವರೇ. ಒಬ್ಬೊಬ್ಬ ದಾನಿಗೂ ಬೇರೆ ನಮೂನೆ, ಬೇರೆ ಲೆಕ್ಕಪತ್ರ, ಬೇರೆ ಗಡುವು. ಇದನ್ನು ‘ಸಾಮರ್ಥ್ಯದ ಕೊರತೆ’ ಎಂದು ಬರೆಯುವುದು ಅನ್ಯಾಯ. ನಮ್ಮ ಮಾತಿನಲ್ಲಿ ಇದಕ್ಕೆ ‘ಆಳು ಸಾಲದು’ ಎನ್ನುತ್ತೇವೆ, ‘ಕೈ ಸಾಲುತ್ತಿಲ್ಲ’ ಎನ್ನುತ್ತೇವೆ. ಸಾಲು ಎಂಬ ಕ್ರಿಯಾಪದದಲ್ಲಿ ಯಾರ ಮೇಲೂ ದೂರಿಲ್ಲ. ಆದರೆ ಅದರಿಂದ ವರದಿಯಲ್ಲಿ ಬಳಸಬಹುದಾದ ನಾಮಪದ ಮಾಡಹೊರಟರೆ ‘ಸಾಲುವಿಕೆ’ ಎಂಬ ಯಾರೂ ಆಡದ ಮಾತು ಹುಟ್ಟುತ್ತದೆ.

ಇನ್ನು ‘ಸಾಮರ್ಥ್ಯ ವರ್ಧನೆ’. ನಮ್ಮ ಸರ್ಕಾರಿ ಕನ್ನಡದಲ್ಲಿ ಇದರ ಅರ್ಥ ನಿಂತುಹೋಗಿದೆ: ಎರಡು ದಿನದ ಕಾರ್ಯಾಗಾರ, ವೇದಿಕೆಗೆ ಬ್ಯಾನರು, ಬಂದವರಿಗೆ ಒಂದು ಚೀಲ, ಮಧ್ಯಾಹ್ನ ಊಟ. ತುವಾಲುವಿಗೆ ಈ ಅರ್ಥ ಇನ್ನೂ ದುಬಾರಿ. ತರಬೇತಿ ಕೊಟ್ಟಷ್ಟೂ ಹೊರಗೆ ಹೋಗುವ ದಾರಿ ಸಲೀಸಾಗುತ್ತದೆ. 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದೊಂದಿಗೆ ಸಹಿಯಾದ, ಮರುವರ್ಷ ಜಾರಿಗೆ ಬಂದ ಫಲೆಪಿಲಿ ಒಪ್ಪಂದದ ಪ್ರಕಾರ ವರ್ಷಕ್ಕೆ 280 ಮಂದಿ ತುವಾಲು ಪ್ರಜೆಗಳು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಚೀಟಿ ಎತ್ತುವಿಕೆಗೆ ಆರಂಭದ ಕೆಲವೇ ದಿನಗಳಲ್ಲಿ ಹೆಸರು ಕೊಟ್ಟವರೇ, ಕುಟುಂಬದವರೂ ಸೇರಿ, ಜನಸಂಖ್ಯೆಯ ಮೂರನೇ ಒಂದು ಪಾಲನ್ನು ಮೀರಿದ್ದರು. ಸಮುದ್ರ ಏರುತ್ತಿರುವ ದೇಶದ ಜನರಿಗೆ ಅದು ಬೇಕಾದದ್ದೇ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಾದಿ ಹೊರಟುಹೋದರೆ ಮತ್ತೊಬ್ಬ ದಾದಿ ತಯಾರಾಗಲು ವರ್ಷಗಳು ಬೇಕು. ಇದನ್ನು ‘ವರ್ಧನೆ’ಯ ಲೆಕ್ಕದಲ್ಲಿ ಹೇಗೆ ಹೇಳುವುದು?

ಈ ಸಂಕಟಕ್ಕೆ ಪೆಸಿಫಿಕ್ ದೇಶಗಳು ಕಂಡುಕೊಂಡ ದಾರಿ, ತಮ್ಮಲ್ಲಿ ಇಲ್ಲದ್ದನ್ನು ಹೊರಗಿನಿಂದ ತಂದು ತುಂಬಿಕೊಳ್ಳುವುದು. ತುವಾಲುವಿನ ಮುಖ್ಯ ನ್ಯಾಯಮೂರ್ತಿ ಹೊರದೇಶದವರು, ಆಗಾಗ ಬಂದು ಮೊಕದ್ದಮೆ ಕೇಳಿ ಹೋಗುತ್ತಾರೆ. 2009ರ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ತುವಾಲುವಿನ ಪರವಾಗಿ ನಿಂತು ಮಾತುಕತೆಯನ್ನೇ ತಡೆಹಿಡಿದ ಇಯಾನ್ ಫ್ರೈ ಆಸ್ಟ್ರೇಲಿಯಾದವರು. ಮೀನುಗಾರಿಕೆಯ ವಿಷಯದಲ್ಲಂತೂ ಎಂಟು ದೇಶಗಳು ಸೇರಿ ನೌರು ಒಪ್ಪಂದದ ಗುಂಪು ಕಟ್ಟಿಕೊಂಡು, ಹೊರಗಿನ ಹಡಗುಗಳಿಗೆ ಟ್ಯೂನಾ ಹಿಡಿಯುವ ದಿನಗಳನ್ನು ಲೆಕ್ಕಹಾಕಿ ಮಾರುತ್ತವೆ. ಒಂದೊಂದೇ ಹೋಗಿ ಚೌಕಾಶಿ ಮಾಡಿದ್ದರೆ ಆ ಬೆಲೆ ಹುಟ್ಟುತ್ತಿರಲಿಲ್ಲ. ಇಲ್ಲಿ ಮಾತ್ರ ಕನ್ನಡ ನನ್ನ ಕೈಬಿಟ್ಟಿಲ್ಲ. ಒಂದು ಶಾಲೆಯ ಶಿಕ್ಷಕರನ್ನು ಇನ್ನೊಂದು ಕಚೇರಿಗೆ ಕಳುಹಿಸುವುದಕ್ಕೆ ನಾವು ‘ಎರವಲು ಸೇವೆ’ ಎಂದು ಎಂದಿನಿಂದಲೂ ಬರೆಯುತ್ತ ಬಂದಿದ್ದೇವೆ. ‘ಎರವಲು ಬಲ’ ಎಂದರೆ ಸಾಕು, ಹಿಂದಿರುಗಿಸಬೇಕಾದದ್ದು ಎಂಬ ಎಚ್ಚರವೂ ಪದದೊಳಗೇ ಇದೆ.

ಅದೇ ವರದಿಗಳಲ್ಲಿ ಬರುವ ಇನ್ನೊಂದು ಮಾತನ್ನು ಕೆಲವರು ‘ಹೀರುವ ಸಾಮರ್ಥ್ಯ’ ಎಂದು ಅನುವಾದಿಸಿದ್ದಾರೆ. ಸ್ಪಂಜಿನ ಜಾಹೀರಾತು ಅನ್ನಿಸುತ್ತದೆ. ಬಂದ ದುಡ್ಡನ್ನು ಖರ್ಚು ಮಾಡಿ ಲೆಕ್ಕ ಕೊಡುವ ಶಕ್ತಿ ಎಂಬುದು ಇಲ್ಲಿಯ ಅರ್ಥ. ಹಸಿರು ಹವಾಮಾನ ನಿಧಿ 2016ರಲ್ಲಿ ತುವಾಲುವಿನ ಕರಾವಳಿ ರಕ್ಷಣೆಗೆ 3.6 ಕೋಟಿ ಡಾಲರ್ ಮಂಜೂರು ಮಾಡಿದಾಗ ಹಣ ಬಂದದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ. ಅಂಥ ನಿಧಿಗಳಿಂದ ನೇರವಾಗಿ ಹಣ ಪಡೆಯುವ ಸಂಸ್ಥೆಗೆ ಮಾನ್ಯತೆ ಬೇಕು. ಆ ಮಾನ್ಯತೆಗೆ ಬೇಕಾದ ಕಾಗದಪತ್ರ ಹೊಂದಿಸುವುದೇ ಒಂದು ಇಲಾಖೆಗೆ ಆಗುವಷ್ಟು ಕೆಲಸ. ನಾನು ‘ಅರಗಿಸಿಕೊಳ್ಳುವ ಶಕ್ತಿ’ ಎಂದು ಬರೆದಿದ್ದೆ. ಸಂಪಾದಕರು ನಕ್ಕು, ನಮ್ಮ ಕಡೆ ಸರ್ಕಾರದ ದುಡ್ಡು ಅರಗಿಸಿಕೊಳ್ಳುವುದಕ್ಕೆ ಬೇರೆಯೇ ಅರ್ಥ ಇದೆಯಲ್ಲ ಎಂದರು. ಅಲ್ಲಿಗೆ ಅದೂ ಹೋಯಿತು. ‘ವಿನಿಯೋಗ ಶಕ್ತಿ’ ಉಳಿದಿದೆ, ಸಪ್ಪೆಯಾದರೂ ಅಪಾಯವಿಲ್ಲ.

‘ಸಾಮರ್ಥ್ಯ’ದ ಜಾಗಕ್ಕೆ ನನ್ನ ಮುಂದಿರುವ ಪದಗಳು ಕಸುವು, ಬಲ, ಅಳವು. ಕಸುವು ಮೈಗೂ ಸಲ್ಲುತ್ತದೆ, ಮಣ್ಣಿಗೂ ಸಲ್ಲುತ್ತದೆ. ಮಣ್ಣಿನ ಕಸುವು ಕಳೆದಿದೆ ಎಂದಾಗ ಮಣ್ಣನ್ನು ಯಾರೂ ಬೈಯುವುದಿಲ್ಲ. ಆದರೆ ‘ಆಡಳಿತದ ಕಸುವು’ ಎಂದರೆ ಪದ್ಯದ ಗಾಳಿ ಬೀಸುತ್ತದೆ. ಬಲ ಎಲ್ಲಕ್ಕೂ ಹೊಂದುತ್ತದೆ, ಜನಬಲ, ಧನಬಲ ಎಂದು ಬಿಡಿಸಿಯೂ ಹೇಳಬಹುದು; ಒಂದೇ ತೊಡಕೆಂದರೆ ‘ಬಲಿಷ್ಠ ಸರ್ಕಾರ’ ಎಂದೊಡನೆ ಲಾಠಿ ನೆನಪಾಗುತ್ತದೆ. ಅಳವು ನನಗೆ ಇಷ್ಟ. ‘ಅದು ನನ್ನಳವಲ್ಲ’ ಎನ್ನುವವರು ತಮ್ಮನ್ನು ತಾವು ಹಳಿದುಕೊಳ್ಳುತ್ತಿಲ್ಲ, ತಮ್ಮ ಅಳತೆಗೆ ಮೀರಿದ್ದೆಂದು ಹೇಳುತ್ತಿದ್ದಾರೆ. ಶಕ್ತಿ, ಅಳತೆ ಎರಡೂ ಆ ಪದದಲ್ಲಿವೆ, ನನಗೆ ಬೇಕಾದದ್ದೂ ಅದೇ. ಆದರೆ ಇಂದಿನ ಓದುಗರಿಗೆ ಅದು ಹಳಗನ್ನಡದ ವಾಸನೆ ಹೊಡೆಯುತ್ತದೆಯೇ ಎಂಬ ಅನುಮಾನ. ನೀವೇ ಹೇಳಬೇಕು.

ಮೂರನೆಯದು ‘ಆಡಳಿತ’. ಕಚೇರಿ ನಡೆಸುವುದಕ್ಕೂ, ಅಧಿಕಾರವನ್ನು ಕಟ್ಟುಪಾಡಿನಲ್ಲಿಟ್ಟು ನಡೆಸುವುದಕ್ಕೂ ನಮ್ಮಲ್ಲಿ ಒಂದೇ ಪದ. ಎರಡರ ನಡುವಿನ ಅಂತರ ತುವಾಲುವಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅಲ್ಲಿ ರಾಜಕೀಯ ಪಕ್ಷಗಳಿಲ್ಲ. ಸಂಸತ್ತಿನಲ್ಲಿ ಈಗ 16 ಮಂದಿ. ಒಬ್ಬಿಬ್ಬರು ಆ ಕಡೆಯಿಂದ ಈ ಕಡೆಗೆ ಸರಿದರೆ ಸರ್ಕಾರ ಉರುಳುತ್ತದೆ. 2013ರಲ್ಲಿ ಉಪಚುನಾವಣೆಯೊಂದರ ಬಳಿಕ ಬಹುಮತ ಕಳೆದುಕೊಂಡ ಪ್ರಧಾನಿ ವಿಲಿ ಟೆಲಾವಿ ಸಂಸತ್ತಿನ ಮುಂದೆ ಬರಲು ಹಿಂದೇಟು ಹಾಕಿದರು. ಆಗಸ್ಟ್ 1ರಂದು ರಾಣಿ ಎಲಿಜಬೆತ್ ಅವರ ಪ್ರತಿನಿಧಿಯಾದ ಗವರ್ನರ್ ಜನರಲ್ ಇಯಾಕೊಬಾ ಇಟಾಲೆಲಿ ಟೆಲಾವಿಯವರನ್ನು ವಜಾ ಮಾಡಿದರು. ಆ ಬಿಕ್ಕಟ್ಟು ಕಡತದ್ದಲ್ಲ, ಸಂಬಳದ್ದಲ್ಲ. ಅದನ್ನು ‘ಆಡಳಿತದ ಬಿಕ್ಕಟ್ಟು’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಇನ್ನೊಂದು ತುದಿಗೆ 1987ರ ತುವಾಲು ಟ್ರಸ್ಟ್ ಫಂಡ್ ನೋಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಮುಖ್ಯವಾಗಿ ಹಾಕಿದ, ಮೊದಲಿಗೆ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನ ಇಡುಗಂಟು ಅದು. ಅಸಲು ಬೆಲೆಯೇರಿಕೆಗೆ ತಕ್ಕಂತೆ ಬೆಳೆಯುತ್ತಿರಬೇಕು. ಆ ಮಟ್ಟ ಮೀರಿ ಮಿಕ್ಕದ್ದು ಮಾತ್ರ ಬೇರೊಂದು ಖಾತೆಗೆ ಬೀಳುತ್ತದೆ, ಸರ್ಕಾರ ಕೈಹಾಕಬಹುದಾದದ್ದು ಅದಕ್ಕಷ್ಟೇ. ಪ್ರಧಾನಿಗಳು ಬದಲಾಗುತ್ತಲೇ ಇದ್ದರೂ ಈ ಕಟ್ಟಳೆ ನಿಂತಿದೆ.

ಇದಕ್ಕೆ ‘ಆಳ್ವಿಕೆ’ ಎನ್ನೋಣವೆಂದರೆ ಸಿಂಹಾಸನ ಕಾಣುತ್ತದೆ. ‘ಕಾರುಬಾರು’ ಒಂದು ಕಾಲಕ್ಕೆ ಮರ್ಯಾದೆಯ ಮಾತಾಗಿತ್ತು, ಈಗ ದಲ್ಲಾಳಿಗಳ ಪಾಲಾಗಿದೆ. ಹಿಂದಿಯಿಂದ ನುಸುಳುತ್ತಿರುವ ‘ಸುಶಾಸನ’ದ ಮೇಲೆ ನನಗೆ ಸಿಟ್ಟೇ ಇದೆ. ಕನ್ನಡದಲ್ಲಿ ಶಾಸನವೆಂದರೆ ಹಲ್ಮಿಡಿಯದು, ಇಲ್ಲವೇ ವಿಧಾನಸೌಧದಲ್ಲಿ ಪಾಸಾಗುವುದು. ಒಳ್ಳೆಯ ಶಿಲಾಶಾಸನ ಎಂದು ನಮ್ಮ ಮಕ್ಕಳು ಓದಿಕೊಂಡರೆ ತಪ್ಪು ಅವರದಲ್ಲ. ಸದ್ಯಕ್ಕೆ ನನ್ನ ಆಯ್ಕೆ ‘ಆಡಳಿತದ ಕಟ್ಟುಪಾಡು’. ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದು ಅದರಲ್ಲಿ ಬರುತ್ತದೆ. ಉದ್ದವಾಯಿತು ಎಂಬುದನ್ನು ಒಪ್ಪುತ್ತೇನೆ.

ಕೊನೆಯದಾಗಿ, ಅನುವಾದಿಸಬೇಕೋ ಬೇಡವೋ ತಿಳಿಯದ ಒಂದು ಪದ. 1997ರ ಕಾಯ್ದೆಯೊಂದು ತುವಾಲುವಿನ ಪ್ರತಿ ದ್ವೀಪದ ‘ಫಲೆಕೌಪುಲೆ’ಗೆ ಸ್ಥಳೀಯ ಅಧಿಕಾರ ಕೊಟ್ಟಿತು. ಫಲೆ ಎಂದರೆ ಮನೆ, ಪುಲೆ ಎಂದರೆ ಆಳುವ ಅಧಿಕಾರ. ಹಿರಿಯರು, ಊರಿನವರು ಸೇರುವ ಸಾಂಪ್ರದಾಯಿಕ ಸಭೆ ಅದು. ಚುನಾಯಿತರಾದ ‘ಕೌಪುಲೆ’ ಅದಕ್ಕೆ ಉತ್ತರ ಹೇಳಬೇಕು. ಸಂಪಾದಕರು ‘ಗ್ರಾಮಸಭೆ’ ಎಂದು ಹಾಕಿ ಎನ್ನುತ್ತಾರೆ. ಗ್ರಾಮಸಭೆ ನಮ್ಮಲ್ಲಿ ಕಾಯ್ದೆಯಿಂದ ಹುಟ್ಟಿದ್ದು. ಫಲೆಕೌಪುಲೆ ಕಾಯ್ದೆಗಿಂತ ಎಷ್ಟೋ ಹಳೆಯದು. ನಾನು ‘ಊರ ಚಾವಡಿ’ ಎನ್ನಲೇ ಎಂದು ಯೋಚಿಸುತ್ತಿದ್ದೇನೆ. ಕಟ್ಟಡಕ್ಕೂ ಅಲ್ಲಿ ಕೂರುವವರಿಗೂ ಒಂದೇ ಹೆಸರು ಎಂಬುದು ಎರಡು ಕಡೆಯೂ ಹೊಂದುತ್ತದೆ. ಆದರೆ ಚಾವಡಿ ಎಂದರೆ ಶಾನುಭೋಗರ ಕಂದಾಯದ ಕಚೇರಿ ಎಂದೇ ಕೆಲವು ಕಡೆ ನೆನಪಿರುವುದರಿಂದ ಹಿಂಜರಿಕೆಯಾಗಿದೆ.

ಬಳಗದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ಕೆಲವರು ಇದ್ದೀರಿ. ನಿಮಗೆ ಪ್ರತ್ಯೇಕವಾಗಿ ಒಂದು ಪ್ರಶ್ನೆ: ಒಬ್ಬರೇ ಮೂರು ಹುದ್ದೆ ನೋಡಿಕೊಳ್ಳುವಾಗ ಆದೇಶದಲ್ಲಿ ‘ಹೆಚ್ಚುವರಿ ಪ್ರಭಾರ’ ಎಂದು ಬರೆಯುತ್ತಿದ್ದಿರಿ, ಸರಿ. ಸಹೋದ್ಯೋಗಿಗಳ ನಡುವೆ ಅದಕ್ಕೆ ಏನೆನ್ನುತ್ತಿದ್ದಿರಿ? ಕಲಬುರಗಿ, ಧಾರವಾಡದ ಕಡೆಯವರು ‘ಕುವ್ವತ್ತು’ ಎಂಬುದನ್ನು ಕಚೇರಿಯ ಬಗ್ಗೆಯೂ ಬಳಸುತ್ತೀರಾ, ಆಳಿನ ಬಗ್ಗೆ ಮಾತ್ರವೇ? ಲೇಖನ ತಿಂಗಳ ಕೊನೆಯೊಳಗೆ ಅಚ್ಚಿಗೆ ಹೋಗಬೇಕು.