‘ರಿಜಾಯಿನ್’: ಮತ್ತೆ ಸೇರುವುದೋ, ಮಾರುತ್ತರ ಕೊಡುವುದೋ?

ಪ್ರಶ್ನೆ:
ಮಾನ್ಯರೇ, ರಜೆ ಮುಗಿಸಿ ಬಂದವರು ಡ್ಯೂಟಿಗೆ ರಿಜಾಯಿನ್ ಆದರು ಎಂಬ ಮಾತನ್ನು ಕಚೇರಿಗಳಲ್ಲಿ ನಿತ್ಯ ಕೇಳುತ್ತೇವೆ. ಆದರೆ ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಥಟ್ಟನೆ ‘ರಿಜಾಯಿನ್’ ಮಾಡುತ್ತಾರೆ; ಅಲ್ಲಿ ಯಾರೂ ಎಲ್ಲಿಗೂ ಹೋಗಿ ಮರಳಿರುವುದಿಲ್ಲ. ಇವೆರಡೂ ಒಂದೇ ಕ್ರಿಯಾಪದವೇ?

ಉತ್ತರ 1:
ನಿಘಂಟುಗಳು ಇವನ್ನು ಎರಡು ಪದಗಳೆಂದೇ ನಮೂದಿಸುತ್ತವೆಯಾದರೂ ಬೇರು ಒಂದೇ. ಜೋಡಿಸು ಎಂಬರ್ಥದ ಲ್ಯಾಟಿನ್ ಧಾತು ಫ್ರೆಂಚಿಗೆ ಬಂದು, ‘ಮರಳಿ’ ಎಂಬರ್ಥದ ‘ರಿ’ ಪೂರ್ವಪ್ರತ್ಯಯ ಪಡೆದು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ವಕೀಲರು ಶತಮಾನಗಳ ಕಾಲ ಫ್ರೆಂಚ್ ಬಳಸಿದ್ದರಿಂದ, ಪದ ಮೊದಲು ನೆಲೆ ನಿಂತದ್ದು ನ್ಯಾಯಾಲಯದಲ್ಲಿ. ವಾದಿಯ ದೂರಿಗೆ ಪ್ರತಿವಾದಿ ಉತ್ತರಿಸಿ, ಆ ಉತ್ತರಕ್ಕೆ ವಾದಿ ‘ರೆಪ್ಲಿಕೇಷನ್’ ಸಲ್ಲಿಸಿದ ಮೇಲೆ, ಪ್ರತಿವಾದಿ ಮತ್ತೆ ಕೊಡುತ್ತಿದ್ದ ಉತ್ತರವೇ ‘ರಿಜಾಯಿಂಡರ್’. ಅಷ್ಟಕ್ಕೂ ಮುಗಿಯದಿದ್ದರೆ ಸರ್‌ರಿಜಾಯಿಂಡರ್, ರಿಬಟರ್, ಸರ್‌ರಿಬಟರ್ ಎಂದು ಸರಣಿ ಬೆಳೆಯುತ್ತಿತ್ತು. (ಕಕ್ಷಿದಾರನ ಪಾಡು ಕೇಳುವವರಾರು!) ಉತ್ತರಿಸು ಎಂಬ ಈ ಅರ್ಥ ಇಂಗ್ಲಿಷಿನಲ್ಲಿ 15ನೆಯ ಶತಮಾನದಲ್ಲೇ ಸಿಗುತ್ತದೆ, ಇಂದು ಸಹಜವೆನಿಸುವ ‘ಮತ್ತೆ ಸೇರು’ ಎಂಬುದು 16ನೆಯ ಶತಮಾನದ್ದು. ನ್ಯಾಯಾಲಯದ ಮಾತು ಸಾಮಾನ್ಯ ಸಂಭಾಷಣೆಗೆ ಇಳಿದದ್ದು ಇನ್ನೂ ತಡವಾಗಿ, ನಿಮ್ಮ ಕಾದಂಬರಿಗಳ ಬಳಕೆ ಅದೇ.

ಉತ್ತರ 2:
ವಕೀಲಿ ವೃತ್ತಿಯವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ರಿಜಾಯಿಂಡರ್ ಪಾಳಿ ಬದಲಿಸಿದೆ: ಪ್ರತಿವಾದಿಯ ಲಿಖಿತ ಹೇಳಿಕೆಗೆ ವಾದಿ, ಇಲ್ಲವೇ ಸರ್ಕಾರದ ಆಕ್ಷೇಪಣೆಗೆ ರಿಟ್ ಅರ್ಜಿದಾರ ಸಲ್ಲಿಸುವ ಪ್ರತ್ಯುತ್ತರವನ್ನೇ ಹಾಗೆ ಕರೆಯುತ್ತೇವೆ. ಸಿವಿಲ್ ದಾವೆಗಳಲ್ಲಿ ಅದು ಹಕ್ಕಿನಿಂದ ಬರುವಂಥದ್ದೂ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೆಯ ಆದೇಶ, 9ನೆಯ ನಿಯಮದಂತೆ ನ್ಯಾಯಾಲಯದ ಅನುಮತಿ ಬೇಕು.

ಉತ್ತರ 3:
ಉಚ್ಚಾರಣೆಯನ್ನೂ ಗಮನಿಸಬಹುದು. ಬ್ರಿಟಿಷ್ ನಿಘಂಟುಗಳಲ್ಲಿ ಮತ್ತೆ ಸೇರುವುದಕ್ಕೆ ದೀರ್ಘ ‘ರೀ’, ಮಾರುತ್ತರಕ್ಕೆ ಹ್ರಸ್ವ ‘ರಿ’. ಮೊದಲ ಉತ್ತರದಲ್ಲಿ ಹೇಳಿದ ಲ್ಯಾಟಿನ್ ಧಾತು ಸಂಸ್ಕೃತದ ‘ಯುಜ್’ ಧಾತುವಿನ ಬಂಧುವೆಂಬುದು ಭಾಷಾವಿಜ್ಞಾನಿಗಳ ಒಪ್ಪಿತ ಮತ. ಯೋಗ, ವಿಯೋಗ, ಸಂಯೋಗಗಳೆಲ್ಲ ಆ ಬಳಗದವು. ಇನ್ನು ರಜೆ ಮುಗಿದ ಮೇಲಿನ ಪತ್ರಗಳಲ್ಲಿ ಕಾಣುವ ‘ರಿಜಾಯಿನ್ ಟು ಡ್ಯೂಟಿ’ಯಲ್ಲಿ ‘ಟು’ ಅನಾವಶ್ಯಕ, ಏಕೆಂದರೆ ಈ ಕ್ರಿಯಾಪದ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ‘ರಿಜಾಯಿನ್ ಬ್ಯಾಕ್’ ಎಂಬುದಂತೂ ‘ಮರಳಿ’ಯನ್ನು ಎರಡು ಸಲ ಹೇಳಿದಂತೆ.