ಬೆನ್ನುಮೂಳೆಯ ಎಂಆರ್‌ಐ ಸಹಜವಾಗಿದ್ದರೂ ಸಿಎಸ್‌ಎಫ್ (ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ) ಸೋರಿಕೆ ಇರಬಹುದೇ?

ಪ್ರಶ್ನೆ:
ನನ್ನ ಅಕ್ಕನಿಗೆ ಎದ್ದು ಕುಳಿತ ಸ್ವಲ್ಪ ಹೊತ್ತಿಗೆ ತೀವ್ರ ತಲೆನೋವು ಬರುತ್ತದೆ, ಮಲಗಿದರೆ ತಗ್ಗುತ್ತದೆ. ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದುಕಾಣುವ ಔಷಧ) ಕೊಟ್ಟು ತೆಗೆದ ಮಿದುಳಿನ ಎಂಆರ್‌ಐಯಲ್ಲಿ ಡ್ಯೂರಾ (ಮಿದುಳು, ಬೆನ್ನುಹುರಿಗಳ ಹೊರಗಿನ ಪೊರೆ) ಎಲ್ಲ ಕಡೆಯೂ ಹೊಳೆಯುತ್ತಿದೆ, ಮಿದುಳು ತುಸು ಕೆಳಕ್ಕೆ ಜಗ್ಗಿದೆ ಎಂದು ವರದಿಯಲ್ಲಿದೆ. ಆದರೆ ಬೆನ್ನುಮೂಳೆಯ ಎಂಆರ್‌ಐಯಲ್ಲಿ ಸೋರಿಕೆ ಕಂಡಿಲ್ಲ. ಸೊಂಟದಲ್ಲಿ ಸೂಜಿ ಹಾಕಿ ಅಳೆದ ದ್ರವದ ಒತ್ತಡವೂ ಸಹಜವಾಗಿತ್ತು. ಸೋರಿಕೆ ಇಲ್ಲವೆಂದು ತಿಳಿಯಬೇಕೇ?

ಉತ್ತರ:
ಹಾಗೆ ತಿಳಿಯಬೇಡಿ. ಈ ಕಾಯಿಲೆಯಲ್ಲಿ ಒತ್ತಡ ಸಹಜವಾಗಿರುವುದು ಅಪರೂಪವಲ್ಲ, ಮತ್ತು ಮಿದುಳಿನ ಚಿತ್ರಗಳು ಸೋರಿಕೆಯನ್ನೇ ಬಲವಾಗಿ ಸೂಚಿಸುತ್ತಿವೆ.

ಬೆನ್ನುಮೂಳೆಯ ಎಂಆರ್‌ಐ ಸಾಮಾನ್ಯವಾಗಿ ತೂತನ್ನು ತೋರಿಸುವುದಿಲ್ಲ. ಡ್ಯೂರಾದಿಂದ ಹೊರಬಂದು ಅದರ ಸುತ್ತ ನಿಂತ ದ್ರವವನ್ನು ತೋರಿಸುತ್ತದೆ. ಆ ದ್ರವವು ಹಲವು ಕಶೇರುಗಳ ಉದ್ದಕ್ಕೂ ಹರಡಿಕೊಳ್ಳುವುದರಿಂದ, ಅದು ಎಲ್ಲಿ ಹೆಚ್ಚಾಗಿ ಕಾಣುತ್ತದೆಯೋ ಅಲ್ಲಿಯೇ ತೂತಿದೆ ಎನ್ನಲಾಗದು. ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ: ಕುತ್ತಿಗೆಯಿಂದ ತ್ರಿಕಾಸ್ಥಿಯವರೆಗೆ ಇಡೀ ಬೆನ್ನನ್ನು ಚಿತ್ರಿಸಿದ್ದಾರೆಯೇ, ಮತ್ತು ಕೊಬ್ಬಿನ ಹೊಳಪನ್ನು ಅಡಗಿಸಿದ ಟಿ2 ಚಿತ್ರಗಳಿವೆಯೇ (ದ್ರವ ಬೆಳ್ಳಗೆ ಕಾಣುವ ಎಂಆರ್‌ಐ ಬಗೆ)? ಸಾಧಾರಣ ಟಿ2 ಚಿತ್ರದಲ್ಲಿ ಡ್ಯೂರಾದ ಹೊರಗಿನ ಕೊಬ್ಬೂ ದ್ರವದಂತೆಯೇ ಬೆಳ್ಳಗೆ ಕಾಣುವುದರಿಂದ, ದ್ರವದ ತೆಳುವಾದ ಪದರ ಅದರಲ್ಲಿ ಸುಲಭವಾಗಿ ಮರೆಯಾಗುತ್ತದೆ. ಸೊಂಟದ ಭಾಗವನ್ನಷ್ಟೇ ನೋಡಿದ್ದರೆ ಆ ಪರೀಕ್ಷೆ ಸಾಲದು, ಏಕೆಂದರೆ ತಾನಾಗಿ ಆಗುವ ಸೋರಿಕೆಗಳಲ್ಲಿ ಹೆಚ್ಚಿನವು ಎದೆಯ ಮಟ್ಟದಲ್ಲಿರುತ್ತವೆ.

ಮರುಪ್ರಶ್ನೆ:
ವಿಚಾರಿಸಿದೆ. ಇಡೀ ಬೆನ್ನಿನ ಚಿತ್ರಗಳಿವೆ, ಕೊಬ್ಬನ್ನೂ ಅಡಗಿಸಿದ್ದಾರೆ. ಹೊರಗೆ ದ್ರವವಿಲ್ಲ, ಆದರೆ ಎದೆಯ ಮಟ್ಟದಲ್ಲಿ ನರಬೇರುಗಳ ಬಳಿ ಸಣ್ಣ ಸಿಸ್ಟ್‌ಗಳು (ದ್ರವ ತುಂಬಿದ ಚೀಲಗಳು) ಇವೆಯಂತೆ. ಸೋರುತ್ತಿರುವುದು ಅವೇ ಇರಬಹುದೇ?

ಉತ್ತರ:
ಅಂತಹ ಸಿಸ್ಟ್‌ಗಳು ಆರೋಗ್ಯವಂತರಲ್ಲಿಯೂ ಸಾಮಾನ್ಯ. ಆದ್ದರಿಂದ ಅವುಗಳನ್ನೇ ಪುರಾವೆಯೆಂದು ಹಿಡಿಯಬೇಡಿ. ಆದರೆ ಹೊರಗೆ ದ್ರವವಿಲ್ಲ ಎಂಬುದೇ ಇಲ್ಲಿ ಮುಖ್ಯ ಸುಳಿವು. 2014ರಲ್ಲಿ ಮೊದಲು ವರದಿಯಾದ ಸಿಎಸ್‌ಎಫ್-ಅಭಿಧಮನಿ ಫಿಸ್ಟುಲಾ ಎಂಬ ಬಗೆಯಲ್ಲಿ, ನರಬೇರಿನ ಬಳಿಯಿಂದ ದ್ರವವು ನೇರವಾಗಿ ಪಕ್ಕದ ಅಭಿಧಮನಿಗೆ ಸೇರಿ ರಕ್ತದೊಡನೆ ಹೋಗಿಬಿಡುತ್ತದೆ. ಹೊರಗೆ ಏನೂ ನಿಲ್ಲದ ಕಾರಣ ಎಷ್ಟೇ ಚೆನ್ನಾಗಿ ತೆಗೆದ ಎಂಆರ್‌ಐಯಲ್ಲಿಯೂ ಇದು ಕಾಣದೆ ಹೋಗಬಹುದು.

ಇದನ್ನು ಹುಡುಕಲು ರೋಗಿಯನ್ನು ಪಕ್ಕಕ್ಕೆ ಮಲಗಿಸಿ ಮಾಡುವ ಡಿಜಿಟಲ್ ಸಬ್‌ಟ್ರಾಕ್ಷನ್ ಮೈಲೋಗ್ರಾಮ್ ಅಥವಾ ಸಿಟಿ ಮೈಲೋಗ್ರಾಮ್ ಬೇಕು (ಬೆನ್ನಿನ ದ್ರವದೊಳಗೆ ಕಾಂಟ್ರಾಸ್ಟ್ ಸೇರಿಸಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಎಕ್ಸ್-ರೇ ಅಥವಾ ಸಿಟಿಯಲ್ಲಿ ನೋಡುವ ಪರೀಕ್ಷೆ). ಕಾಂಟ್ರಾಸ್ಟ್ ಕೆಳಗಿರುವ ಪಕ್ಕಕ್ಕೇ ಇಳಿಯುವುದರಿಂದ ಎಡಬಲಗಳೆರಡನ್ನೂ ನೋಡಬೇಕಾಗುತ್ತದೆ. ಎಂಆರ್‌ಐಯಲ್ಲಿ ದ್ರವ ಕಂಡಿದ್ದು, ಡ್ಯೂರಾದ ಮುಂಭಾಗದಲ್ಲಿ ಹರಿದಿರುವ ಶಂಕೆಯಿದ್ದಿದ್ದರೆ ಬೋರಲಾಗಿ ಮಲಗಿಸುತ್ತಿದ್ದರು. ಮುಂದಿನ ಪರೀಕ್ಷೆಯ ಭಂಗಿಯನ್ನು ನಿರ್ಧರಿಸುವುದರಲ್ಲಿಯೇ ಬೆನ್ನುಮೂಳೆಯ ಎಂಆರ್‌ಐಯ ನಿಜವಾದ ಉಪಯೋಗವಿದೆ ಎಂದು ನನ್ನ ಅಭಿಪ್ರಾಯ.

ಅಕ್ಕನವರ ವೈದ್ಯರನ್ನು ಈ ಪರೀಕ್ಷೆಯ ಬಗ್ಗೆ ನೇರವಾಗಿ ಕೇಳಿ. ಅದಕ್ಕೂ ಮೊದಲು ಎಪಿಡ್ಯೂರಲ್ ಬ್ಲಡ್ ಪ್ಯಾಚ್ (ರೋಗಿಯದೇ ರಕ್ತವನ್ನು ಡ್ಯೂರಾದ ಹೊರಗೆ ಚುಚ್ಚಿ ಸೋರಿಕೆ ತಡೆಯುವ ಚಿಕಿತ್ಸೆ) ಮಾಡಿ ನೋಡೋಣ ಎಂದು ಅವರು ಹೇಳಿದರೆ ಅದೂ ಸರಿಯಾದ ಕ್ರಮವೇ. ವರದಿಯನ್ನಷ್ಟೇ ಅಲ್ಲ, ಮೂಲ ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ. ಈ ನಡುವೆ ಮಂಪರು, ಗೊಂದಲ ಅಥವಾ ಮಲಗಿದರೂ ತಗ್ಗದ ಹೊಸ ಬಗೆಯ ತಲೆನೋವು ಕಂಡುಬಂದರೆ, ಮಿದುಳಿನ ಸುತ್ತ ರಕ್ತ ಶೇಖರವಾಗಿರುವ ಸಾಧ್ಯತೆಯಿರುವುದರಿಂದ, ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.